ರಿವ್ಯೂವರ್ ಯಾರು ಅಂತ ಗೊತ್ತಾಗಬೇಕಾ?

ಪ್ರಶ್ನೆ: ಸರ್, ತೊಗರಿ ಗಿಡ ಒಣಗಿಸುವ ನೆಟೆ ರೋಗದ ಮೇಲೆ ಮೂರು ಹಂಗಾಮು ಕೆಲಸ ಮಾಡಿ ಬರೆದ ಸಂಶೋಧನಾ ಪೇಪರ್ ಏಳು ತಿಂಗಳಾದ ಮೇಲೆ ಜರ್ನಲ್‌ನಿಂದ ವಾಪಸ್ ಬಂದಿದೆ. ಅಚ್ಚು ಮಾಡುವ ಮೊದಲು ಪೇಪರ್ ಪರಿಶೀಲಿಸುವ ಇಬ್ಬರು ರಿವ್ಯೂವರ್‌ಗಳಲ್ಲಿ ಒಂದನೆಯವರು ಸಣ್ಣಪುಟ್ಟ ತಿದ್ದುಪಡಿ ಕೇಳಿದ್ದಾರೆ. ಎರಡನೆಯವರು, ಲೇಖಕರಿಗೆ ಸಂಖ್ಯಾಶಾಸ್ತ್ರದ ಗಂಧವೇ ಇಲ್ಲ ಎಂದು ಬರೆದು, ಕೊನೆಗೆ ಒಬ್ಬರದೇ ಐದು ಪೇಪರ್ ಉಲ್ಲೇಖಿಸಿ ಅಂದಿದ್ದಾರೆ. ನಾನು ಯಾರು, ಯಾವ ಊರಿನ ಕಾಲೇಜು ಅಂತ ಅವರಿಗೆ ಗೊತ್ತು. ಅವರು ಯಾರು ಅಂತ ನನಗೆ ಗೊತ್ತಿಲ್ಲ. ಇದು ನ್ಯಾಯವಾ? ಎಲ್ಲರ ಹೆಸರೂ ಬಯಲಿಗೆ ಬರಬೇಕಲ್ವಾ?
(ಸೇಡಂ ಕಡೆಯ ಒಬ್ಬ ಉಪನ್ಯಾಸಕಿ)

ಉತ್ತರ: ಮೇಡಂ, ಏಳು ತಿಂಗಳು ಕಾದು ಮೇಲ್ ತೆರೆದ ಕೂಡಲೇ ಅಂಥ ಸಾಲು ಕಣ್ಣಿಗೆ ಬಿದ್ದರೆ ಆ ದಿನ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ನನಗೆ ಗೊತ್ತು. ಹಾಗಾಗಿ ಉತ್ತರ ಇವತ್ತೇ ಬರೆಯಬೇಡಿ. ನಾಲ್ಕು ದಿನ ಬಿಟ್ಟು ಮತ್ತೆ ಓದಿ.

ನಾನು ಪೇಪರ್ ಬರೆದು ಬೈಸಿಕೊಂಡಿದ್ದೇನೆ, ರಿವ್ಯೂವರ್ ಆಗಿ ಬೈದೂ ಇದ್ದೇನೆ, ಒಂದು ಸಣ್ಣ ಜರ್ನಲ್‌ನ ಎಡಿಟರ್ ಆಗಿ ಎರಡೂ ಕಡೆಯವರ ಸಿಟ್ಟಿನ ಮೇಲ್‌ಗೆ ಉತ್ತರ ಕೊಟ್ಟು ಸುಸ್ತಾಗಿದ್ದೇನೆ. ಮೂರೂ ಕಡೆ ಕೂತು ನೋಡಿದ ಮೇಲೆ ನನಗೆ ಅನಿಸುವುದು ಇಷ್ಟು. ನಿಮ್ಮ ಸಿಟ್ಟು ಖರೆ ಇದೆ, ಆದರೆ ಕೇಳುತ್ತಿರುವ ಔಷಧಿ ಈ ರೋಗದ್ದಲ್ಲ. ರಿವ್ಯೂವರ್ ಏನು ಬರೆದರು ಅನ್ನುವುದು ಬಯಲಿಗೆ ಬರಬೇಕು. ಯಾರು ಬರೆದರು ಅನ್ನುವುದು ಬರಲೇಬೇಕು ಅಂತಿಲ್ಲ. ಇವೆರಡನ್ನೂ ಒಂದೇ ಅಂದುಕೊಂಡು ನಾವು ಸೆಮಿನಾರ್‌ಗಳಲ್ಲಿ ಸುಮ್ನೆ ಜಗಳ ಆಡುತ್ತೇವೆ.

ನಿಮ್ಮ ಪೇಪರ್ ಹೋದದ್ದು ಸಿಂಗಲ್ ಬ್ಲೈಂಡ್ ಪದ್ಧತಿಯಲ್ಲಿ. ವಿಜ್ಞಾನದ ಜರ್ನಲ್‌ಗಳಲ್ಲಿ ಇದೇ ಜಾಸ್ತಿ. ರಿವ್ಯೂವರ್‌ಗೆ ನಿಮ್ಮ ಹೆಸರು, ಕಾಲೇಜು, ಊರು ಎಲ್ಲ ಕಾಣುತ್ತದೆ, ಅವರ ಹೆಸರು ನಿಮಗೆ ಕಾಣುವುದಿಲ್ಲ. ಇದರಿಂದ ನಿಮ್ಮಂಥವರಿಗೆ ನಷ್ಟ ಇದೆಯಾ? ಇದೆ. ಇದು ನನ್ನ ಊಹೆಯಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ.

ಡಗ್ಲಸ್ ಪೀಟರ್ಸ್ ಮತ್ತು ಸ್ಟೀಫನ್ ಸೀಸಿ ಅಂತ ಇಬ್ಬರು ಅಮೆರಿಕದ ಮನೋವಿಜ್ಞಾನಿಗಳು. 1982ರಲ್ಲಿ ಅವರು ಪ್ರಕಟಿಸಿದ ಕೆಲಸ ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ದೊಡ್ಡ ವಿಶ್ವವಿದ್ಯಾಲಯದವರು ಬರೆದು ಆಗಲೇ ಅಚ್ಚಾಗಿದ್ದ 12 ಪೇಪರ್ ಆರಿಸಿಕೊಂಡರು. ಲೇಖಕರ ಹೆಸರು ಬದಲಿಸಿ, ಯಾರೂ ಕೇಳಿರದ ಕಲ್ಪಿತ ಸಂಸ್ಥೆಗಳ ವಿಳಾಸ ಹಾಕಿ, ಅಚ್ಚು ಮಾಡಿದ್ದ ಅದೇ ಜರ್ನಲ್‌ಗಳಿಗೆ ಮತ್ತೆ ಕಳಿಸಿದರು. ಮೂರು ಪೇಪರ್ ಮಾತ್ರ ಸಿಕ್ಕಿಬಿದ್ದವು. ಉಳಿದ ಒಂಬತ್ತರಲ್ಲಿ ಎಂಟು ರಿಜೆಕ್ಟ್! ಕಾರಣ ಏನಂದರೆ, ಹಲವು ಕಡೆ, ವಿಧಾನದಲ್ಲೇ ಗಂಭೀರ ದೋಷ ಇದೆ ಅಂತ. ಅದೇ ವಿಧಾನ ಎರಡು ಮೂರು ವರ್ಷದ ಹಿಂದೆ ಅದೇ ಜರ್ನಲ್‌ಗೆ ಚಲೋ ಕಂಡಿತ್ತು.

ಅದು ಹಳೇ ಕಾಲದ ಮಾತು, ಈಗ ಸುಧಾರಿಸಿದೆ ಅಂತೀರಾ? 2022ರಲ್ಲಿ ಯುರ್ಗೆನ್ ಹ್ಯೂಬರ್ ಮತ್ತು ಸಂಗಡಿಗರು ಇನ್ನೊಂದು ಪ್ರಯೋಗ ಪ್ರಕಟಿಸಿದರು. ಒಂದೇ ಪೇಪರ್, ಬರೆದವರು ಇಬ್ಬರು. ಒಬ್ಬರು 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ವರ್ನನ್ ಸ್ಮಿತ್. ಇನ್ನೊಬ್ಬರು ಅಷ್ಟೇನೂ ಹೆಸರಾಗದ ಕಿರಿಯ ಸಂಶೋಧಕ. ಸ್ಮಿತ್ ಹೆಸರು ಮಾತ್ರ ಕಾಣುವಂತೆ ಕಳಿಸಿದಾಗ ಸುಮಾರು 23% ರಿವ್ಯೂವರ್‌ಗಳು ರಿಜೆಕ್ಟ್ ಮಾಡಿ ಅಂದರು. ಕಿರಿಯರ ಹೆಸರು ಮಾತ್ರ ಕಂಡಾಗ ಸುಮಾರು 65%. ಯಾರ ಹೆಸರೂ ಇಲ್ಲದೆ ಕಳಿಸಿದಾಗ 48%. ಒಂದೇ ಪೇಪರ್ ಮೇಡಂ, ಒಂದಕ್ಷರ ಬದಲಿಲ್ಲ. ನಿಮ್ಮ ಕಾಲೇಜಿನ ವಿಳಾಸ ಮೊದಲ ಪುಟದಲ್ಲಿ ಇದ್ದದ್ದಕ್ಕೇ ಆ ಸಾಲು ಅಷ್ಟು ಖಾರವಾಯಿತು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಹಾಗೆ ಅನುಮಾನ ಪಟ್ಟರೆ ನಿಮ್ಮದು ತಪ್ಪಿಲ್ಲ.

ಅಂದರೆ ಲೇಖಕರ ಹೆಸರನ್ನೂ ಮುಚ್ಚಬೇಕು. ಅದೇ ಡಬಲ್ ಬ್ಲೈಂಡ್. ನಮ್ಮವರು ಇದಕ್ಕೆ ಕೂಡಲೇ ಒಂದು ಆಕ್ಷೇಪ ಎತ್ತುತ್ತಾರೆ. ಕಪ್ಪು ಮಣ್ಣು, ಕಲಬುರಗಿ, ತೊಗರಿ, ಸಿಕ್ ಪ್ಲಾಟ್ (ಪರೀಕ್ಷೆಗೆಂದೇ ರೋಗ ಇಟ್ಟುಕೊಂಡ ಹೊಲ) ಅಂತ ಬರೆದರೆ ಯಾರದು ಅಂತ ಗೊತ್ತಾಗದೇ ಇರುತ್ತದಾ ಅಂತ. ಸ್ವಲ್ಪ ನಿಜ. ಆದರೆ ನಾವು ಅಂದುಕೊಂಡಷ್ಟು ನಿಜ ಅಲ್ಲ. 2016ರಲ್ಲಿ ಸಾಫ್ಟ್‌ವೇರ್ ಕ್ಷೇತ್ರದ ಮೂರು ಸಮ್ಮೇಳನಗಳಲ್ಲಿ ರಿವ್ಯೂವರ್‌ಗಳನ್ನೇ ಕೇಳಿದರು, ಇದು ಯಾರ ಪೇಪರ್ ಅಂತ ಊಹಿಸಿ ಅಂತ. 74ರಿಂದ 90% ರಿವ್ಯೂಗಳಲ್ಲಿ ಒಂದೂ ಸರಿಯಾದ ಊಹೆ ಇರಲಿಲ್ಲ. ಊಹೆ ಮಾಡುವುದರಲ್ಲಿ ಮನುಷ್ಯ ಎಷ್ಟು ದಡ್ಡ ಅನ್ನುವುದಕ್ಕೆ ನನ್ನದೇ ಒಂದು ಕಥೆ ಇದೆ. ಮುಂದೆ ಹೇಳುತ್ತೇನೆ.

ಈಗ ನಿಮ್ಮ ಬೇಡಿಕೆಗೆ ಬರೋಣ. ರಿವ್ಯೂವರ್ ಹೆಸರು ಬಯಲಿಗೆ ಬರಲಿ ಅನ್ನುವುದು. ಇದನ್ನೂ ಮಾಡಿ ನೋಡಿದ್ದಾರೆ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನವರು 1999ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಿಮ್ಮ ಹೆಸರು ಲೇಖಕರಿಗೆ ಹೇಳುತ್ತೇವೆ ಅಂತ ಕೆಲವು ರಿವ್ಯೂವರ್‌ಗಳಿಗೆ ಹೇಳಿದರು, ಕೆಲವರಿಗೆ ಹೇಳಲಿಲ್ಲ. ವರದಿಯ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಹೆಸರು ಹೇಳುತ್ತೇವೆ ಅಂದ ಕಡೆ, ನನ್ನ ಕೈಲಾಗಲ್ಲ ಅಂತ ಹಿಂದೆ ಸರಿದವರು ಜಾಸ್ತಿ. ಹಾಗಿದ್ದರೂ ಅವರು ಆ ವರ್ಷದಿಂದ ಹೆಸರು ತಿಳಿಸುವ ಪದ್ಧತಿಗೇ ಹೋದರು, ಆ ಧೈರ್ಯ ಮೆಚ್ಚಬೇಕು. 2019ರಲ್ಲಿ ಬಂದ ಇನ್ನೊಂದು ಅಧ್ಯಯನ ಎಲ್ಸೆವಿಯರ್‌ನ ಐದು ಜರ್ನಲ್‌ಗಳ ಮೇಲೆ. ಅಲ್ಲಿ ವರದಿಗಳನ್ನು ಪ್ರಕಟಿಸಿದರು, ಹೆಸರು ಹಾಕುವುದು ರಿವ್ಯೂವರ್ ಇಷ್ಟಕ್ಕೆ ಬಿಟ್ಟರು. ವರದಿ ಪ್ರಕಟವಾಗುತ್ತದೆ ಅನ್ನುವುದಕ್ಕೆ ಜನ ಅಷ್ಟಾಗಿ ಹೆದರಲಿಲ್ಲ. ಆದರೆ ಹೆಸರು ಹಾಕಲು ಒಪ್ಪಿದವರು 8.1% ಮಾತ್ರ. ಈ ಒಂದು ಅಂಕಿಯಲ್ಲೇ ನನ್ನ ಅರ್ಧ ಉತ್ತರ ಇದೆ.

ಯಾಕೆ ಹೆದರುತ್ತಾರೆ? ನಮ್ಮ ತೊಗರಿ ಲೋಕವನ್ನೇ ನೋಡಿ. ದೇಶದಲ್ಲಿ ನೆಟೆ ರೋಗದ ಮೇಲೆ ಬಿಡದೆ ಕೆಲಸ ಮಾಡುವ ಮಂದಿಯನ್ನೆಲ್ಲ ಸೇರಿಸಿದರೆ ಎರಡು ಮೂರು ಕ್ರೂಸರ್ ಗಾಡಿಯಲ್ಲಿ ಕೂರಿಸಬಹುದೇನೋ. ನಿಮ್ಮ ಥೀಸಿಸ್‌ನ ಪರೀಕ್ಷಕರು ಇವರಲ್ಲೇ ಒಬ್ಬರು. ಪ್ರಾಜೆಕ್ಟ್‌ಗೆ ದುಡ್ಡು ಕೊಡಬೇಕೋ ಬೇಡವೋ ಅನ್ನುವ ಸಮಿತಿಯಲ್ಲಿ ಇವರೇ. ನಾಳೆ ಪ್ರಮೋಷನ್ ಸಂದರ್ಶನಕ್ಕೆ ಹೋದರೆ ಟೇಬಲ್ಲಿನ ಆಚೆ ಇವರೇ. ಈಗ ಹೇಳಿ. ಇವರಲ್ಲಿ ಒಬ್ಬ ಹಿರಿಯರ ಪೇಪರ್ ನಿಮ್ಮ ಕೈಗೆ ರಿವ್ಯೂಗೆ ಬಂತು. ಅವರ ಕಂಟ್ರೋಲ್ ಪ್ಲಾಟ್, ಅಂದರೆ ಹೋಲಿಕೆಗೆ ಇಟ್ಟ ಪ್ಲಾಟ್, ಸರಿಯಿಲ್ಲ ಅಂತ ನಿಮಗೆ ಖಾತ್ರಿಯಾಗಿ ಗೊತ್ತು. ಕೆಳಗೆ ನಿಮ್ಮ ಹೆಸರು ಅಚ್ಚಾಗುತ್ತದೆ ಅಂದರೆ ಅದನ್ನು ಬರೆಯುತ್ತೀರಾ? ಪೇಪರ್ ತುಂಬಾ ಚೆನ್ನಾಗಿದೆ ಸರ್, ಪುಟ 4ರಲ್ಲಿ ಒಂದು ಕಾಮಾ ಬಿಟ್ಟಿದೆ ಅಂತ ಬರೆದು ಕೈ ತೊಳೆದುಕೊಳ್ಳುತ್ತೀರಿ. ನಾನೂ ಆ ವಯಸ್ಸಿನಲ್ಲಿ ಅದನ್ನೇ ಮಾಡುತ್ತಿದ್ದೆ. ಹೆಸರು ತೆರೆದರೆ ದೊಡ್ಡವರಿಗೆ ಏನೂ ಆಗುವುದಿಲ್ಲ, ಅವರು ಹೆಸರು ಹಾಕಿಯೂ ಬೈಯುತ್ತಾರೆ. ಬಾಯಿ ಮುಚ್ಚುವುದು ಚಿಕ್ಕವರದು.

ನನ್ನ ಕಥೆ ಹೇಳುತ್ತೇನೆ ಅಂದೆನಲ್ಲ. 1990ರ ದಶಕದ ಮಾತು. ಆಗ ಪೇಪರ್ ಟೈಪ್ ಮಾಡಿಸಿ, ಮೂರು ಪ್ರತಿ ತೆಗೆಸಿ, ರಿಜಿಸ್ಟರ್ ಪೋಸ್ಟ್‌ನಲ್ಲಿ ಕಳಿಸಬೇಕು. ಐದು ತಿಂಗಳಿಗೆ ಒಂದೂವರೆ ಪುಟದ ವರದಿ ಬಂತು. ಮಣ್ಣಿನ ಆಳ ಅಳೆಯದೆ ನೆಟೆ ಬಗ್ಗೆ ಬರೆಯುವುದು ವ್ಯರ್ಥ ಅಂತ ಒಂದು ಸಾಲು, ಜೊತೆಗೆ ಚಿಂಚೋಳಿ ಕಡೆಯ ಮಸಾರಿ ಮಣ್ಣಿನ ಒಂದು ಉದಾಹರಣೆ. ನನಗೆ ಚಿಂಚೋಳಿ ಅಂದ ಕೂಡಲೇ ಗೊತ್ತಾಯಿತು. ಅಂದರೆ, ಗೊತ್ತಾಯಿತು ಅಂದುಕೊಂಡೆ. ಅಲ್ಲಿ ಪ್ಲಾಟ್ ಹಾಕಿದ್ದ ಹಿರಿಯರು ಒಬ್ಬರೇ. ಅವತ್ತಿನಿಂದ ಮೀಟಿಂಗ್‌ಗಳಲ್ಲಿ ಅವರು ಎದುರಿಗೆ ಬಂದು, ಏನ್ರಿ ಆರಾಮಾ ಅಂದರೆ ನಾನು ಹ್ಞೂಂ ಅಂತ ಅಂದು ಚಹಾದ ಕಡೆ ತಿರುಗುತ್ತಿದ್ದೆ. ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ಬೀದರಿನಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದವರು, ಬೇರೆಯೇ ಒಬ್ಬರು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಆ ನಿಮ್ಮ ನೆಟೆ ಪೇಪರ್ ನನ್ನ ಹತ್ತಿರಾನೇ ಬಂದಿತ್ತು, ಮಣ್ಣಿನ ಆಳದ ಟೇಬಲ್ ಆಮೇಲೆ ಹಾಕಿದಿರಾ ಅಂತ ಕೇಳಿದರು. ತುಪ್ಪ ಬಡಿಸುವವನು ನನ್ನ ಎಲೆ ಮುಂದೆ ನಿಂತು ಹಾಕಲಾ ಬೇಡವಾ ಅಂತ ಎರಡು ಸಲ ಕೇಳಿದ. ನನಗೆ ಕೇಳಿಸಲಿಲ್ಲ. ವಾರದ ಮೇಲೆ ಹಿರಿಯರ ಮನೆಗೆ ಹೋಗಿ ವಿಷಯ ಹೇಳಿದರೆ ಅವರು ಕನ್ನಡಕ ತೆಗೆದು ಕೇಳಿದ್ದು ಒಂದೇ ಮಾತು, ಯಾವ ಪೇಪರ್?

ಇನ್ನೊಂದು ವಿಷಯ, ಮಣ್ಣಿನ ಆಳದ ಮಾತು ಸರಿಯಾಗಿಯೇ ಇತ್ತು.

ಹೆಸರು ಗೊತ್ತಿಲ್ಲದೇ ಇದ್ದದ್ದಕ್ಕೆ ಕೆಲಸ ಸುಸೂತ್ರವಾದ ದೊಡ್ಡ ಉದಾಹರಣೆ ಐನ್‌ಸ್ಟೈನ್ ಅವರದು. 1936ರಲ್ಲಿ ಅವರು ಮತ್ತು ನೇಥನ್ ರೋಸೆನ್ ಸೇರಿ ಫಿಸಿಕಲ್ ರಿವ್ಯೂಗೆ ಒಂದು ಪೇಪರ್ ಕಳಿಸಿದರು. ಗುರುತ್ವ ಅಲೆಗಳು ಇಲ್ಲವೇ ಇಲ್ಲ ಅನ್ನುವುದು ಅದರ ತಿರುಳು. ಎಡಿಟರ್ ಜಾನ್ ಟೇಟ್ ಅದನ್ನು ಒಬ್ಬ ರಿವ್ಯೂವರ್‌ಗೆ ಕಳಿಸಿದರು, ಹತ್ತು ಪುಟದ ಆಕ್ಷೇಪ ಬಂತು. ಐನ್‌ಸ್ಟೈನ್‌ಗೆ ಸಿಟ್ಟು ನೆತ್ತಿಗೇರಿತು. ನಾವು ಕಳಿಸಿದ್ದು ಅಚ್ಚು ಮಾಡಲಿಕ್ಕೆ, ಅಚ್ಚಾಗುವ ಮೊದಲು ಬೇರೆಯವರಿಗೆ ತೋರಿಸಿ ಅಂತ ನಿಮಗೆ ಅನುಮತಿ ಕೊಟ್ಟಿರಲಿಲ್ಲ ಅನ್ನುವ ಅರ್ಥದಲ್ಲಿ ಬರೆದು ಪೇಪರ್ ವಾಪಸ್ ಪಡೆದರು. ಅಂಥವರಿಗೂ ಹಾಗಾಗುತ್ತದೆ ನೋಡಿ, ನಾವು ನೀವು ಯಾವ ಲೆಕ್ಕ. ಆ ರಿವ್ಯೂವರ್ ಹವರ್ಡ್ ಪರ್ಸಿ ರಾಬರ್ಟ್‌ಸನ್. ಅವರು ಐನ್‌ಸ್ಟೈನ್ ಇದ್ದ ಪ್ರಿನ್ಸ್‌ಟನ್‌ನಲ್ಲೇ ಇದ್ದವರು. ತಾನೇ ರಿವ್ಯೂವರ್ ಅಂತ ಬಾಯಿ ಬಿಡದೆ, ಐನ್‌ಸ್ಟೈನ್ ಅವರ ಸಹಾಯಕ ಇನ್‌ಫೆಲ್ಡ್ ಜೊತೆ ಕೂತು ಲೆಕ್ಕದಲ್ಲಿ ತಪ್ಪು ಎಲ್ಲಿದೆ ಅಂತ ತೋರಿಸಿಕೊಟ್ಟರು. ಪೇಪರ್ 1937ರಲ್ಲಿ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನ ಜರ್ನಲ್‌ನಲ್ಲಿ ಬಂದಾಗ ತೀರ್ಮಾನವೇ ಬದಲಾಗಿತ್ತು. ರಿವ್ಯೂವರ್ ಅವರೇ ಅನ್ನುವುದು ಜರ್ನಲ್‌ನ ಹಳೆಯ ದಾಖಲೆ ತೆಗೆದಾಗ, 2005ರಲ್ಲಿ ಎಲ್ಲರಿಗೂ ತಿಳಿಯಿತು. ರಾಬರ್ಟ್‌ಸನ್ ಹೆಸರು ಅವತ್ತೇ ಗೊತ್ತಾಗಿದ್ದರೆ ಆ ಮಾತುಕತೆ ಅಷ್ಟು ತಣ್ಣಗೆ ನಡೆಯುತ್ತಿತ್ತಾ? ನನಗೆ ಅನುಮಾನ.

ಹಾಗಂತ ಮುಚ್ಚಿದ ಬಾಗಿಲ ಹಿಂದೆ ಏನು ಬೇಕಾದರೂ ಬರೆಯಲಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಎರಡನೇ ರಿವ್ಯೂವರ್‌ಗೆ ಗಂಧವೇ ಇಲ್ಲ ಅಂತ ಬರೆಯಲು ಧೈರ್ಯ ಬಂದದ್ದು ಹೆಸರು ಮುಚ್ಚಿದ್ದಕ್ಕೆ ಮಾತ್ರ ಅಲ್ಲ, ಆ ಸಾಲನ್ನು ನೀವು ಮತ್ತು ಎಡಿಟರ್ ಬಿಟ್ಟು ಮೂರನೆಯವರು ಓದುವುದಿಲ್ಲ ಅಂತ ಗೊತ್ತಿದ್ದದ್ದಕ್ಕೆ. ವರದಿ ಪೇಪರ್ ಜೊತೆಗೇ ಅಚ್ಚಾಗುತ್ತದೆ ಅಂದರೆ, ಹೆಸರಿಲ್ಲದಿದ್ದರೂ, ಮನುಷ್ಯ ಅಂಗಿ ಸರಿ ಮಾಡಿಕೊಂಡು ಕೂರುತ್ತಾನೆ.

ಇದು ಕನಸಲ್ಲ, ನಡೆಯುತ್ತಿದೆ. ವಾತಾವರಣ ವಿಜ್ಞಾನದ ಒಂದು ಜರ್ನಲ್, ಅಟ್ಮಾಸ್ಫೆರಿಕ್ ಕೆಮಿಸ್ಟ್ರಿ ಅಂಡ್ ಫಿಸಿಕ್ಸ್, 2001ರಿಂದಲೇ ರಿವ್ಯೂವರ್ ಮಾತು, ಲೇಖಕರ ಉತ್ತರ ಎರಡನ್ನೂ ಎಲ್ಲರೂ ಓದುವಂತೆ ಹಾಕುತ್ತಿದೆ, ರಿವ್ಯೂವರ್ ಬೇಕೆಂದರೆ ಹೆಸರಿಲ್ಲದೆ ಉಳಿಯಬಹುದು. ಜೀವವಿಜ್ಞಾನದ ಎಂಬೋ ಜರ್ನಲ್ 2009ರಿಂದ ಶುರು ಮಾಡಿತು. ನೇಚರ್ ಕಮ್ಯುನಿಕೇಷನ್ಸ್ 2022ರ ನವೆಂಬರ್‌ನಿಂದ ಎಲ್ಲ ಸಂಶೋಧನಾ ಪೇಪರ್‌ಗೂ ಕಡ್ಡಾಯ ಮಾಡಿತು. 2025ರ ಜೂನ್‌ನಿಂದ ನೇಚರ್ ಕೂಡ. ಹೊಸದಾಗಿ ಸಲ್ಲಿಸಿ ಪ್ರಕಟವಾಗುವ ಪ್ರತಿ ಸಂಶೋಧನಾ ಪೇಪರ್ ಜೊತೆ ರಿವ್ಯೂ ವರದಿಗಳೂ ಲೇಖಕರ ಉತ್ತರವೂ ಬರುತ್ತವೆ, ರಿವ್ಯೂವರ್ ತಾನೇ ಒಪ್ಪಿದರೆ ಮಾತ್ರ ಹೆಸರು. ನೇಚರ್ ಕಮ್ಯುನಿಕೇಷನ್ಸ್ ದುಡ್ಡು ಕೊಡದೆ ತೆರೆಯಬಹುದು. ನಿಮ್ಮ ವಿಷಯದ ಒಂದು ಪೇಪರ್ ಹುಡುಕಿ, ಕೆಳಗಿರುವ ರಿವ್ಯೂ ಫೈಲ್ ಇಳಿಸಿಕೊಂಡು ಓದಿ. ಕಟು ಮಾತಿಗೆ ಸಮಾಧಾನದಿಂದ ಹೇಗೆ ಉತ್ತರ ಬರೆಯುತ್ತಾರೆ ಅನ್ನುವುದನ್ನು ನಿಮ್ಮ ಗೈಡ್ ಕಲಿಸುವುದಕ್ಕಿಂತ ಜಾಸ್ತಿ ಆ ಫೈಲ್ ಕಲಿಸುತ್ತದೆ.

ಕಂಪ್ಯೂಟರ್ ವಿಜ್ಞಾನದವರು ಬಳಸುವ ಓಪನ್‌ರಿವ್ಯೂ ಅನ್ನುವ ರಿವ್ಯೂ ಜಾಲತಾಣದಲ್ಲಿ ಇನ್ನೊಂದು ಒಳ್ಳೆ ರೂಢಿ ಇದೆ. ಪ್ರತಿ ರಿವ್ಯೂವರ್‌ಗೂ ನಾಲ್ಕು ಅಕ್ಷರದ ಒಂದು ಗುರುತು. ಆ ಪೇಪರ್‌ನ ಚರ್ಚೆ ಮುಗಿಯುವವರೆಗೂ ಅದೇ ಗುರುತಿನಲ್ಲಿ ಮಾತಾಡಬೇಕು. ಬಸವಕಲ್ಯಾಣದ ಕಡೆಯ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ, ವಚನಗಳ ಅಂಕಿತ ಇದೆಯಲ್ಲ, ಹೆಚ್ಚುಕಡಿಮೆ ಹಾಗೇ. ಅಂಕಿತ ನೋಡಿದರೆ ಈ ಮಾತೂ ಆ ಮಾತೂ ಒಬ್ಬರದೇ ಅಂತ ತಿಳಿಯುತ್ತದೆ. ವ್ಯತ್ಯಾಸ ಏನಂದರೆ ಅಲ್ಲಿ ಅಂಕಿತದ ಹಿಂದಿನ ಶರಣರು ಯಾರು ಅಂತ ನಮಗೆ ಹೆಚ್ಚಾಗಿ ಗೊತ್ತು, ಇಲ್ಲಿ ಗೊತ್ತಾಗಬಾರದು.

ವರದಿ ತೆರೆಯುವುದರಿಂದ ನಮ್ಮಂಥ ಊರಿನವರಿಗೆ ಬೇರೆ ಒಂದು ಲಾಭವೂ ಇದೆ. ಮೂರು ದಿನದಲ್ಲಿ ಅಕ್ಸೆಪ್ಟ್, ಫೀಸು ಫೋನ್‌ಪೇ ಮಾಡಿ ಅನ್ನುವ ಮೇಲ್ ನಿಮಗೂ ಬರುತ್ತಿರಬೇಕು. ಮೊದಲು ಯುಜಿಸಿ ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿ ನೋಡಿ, ಇದೆ ಇಲ್ಲ ಅಂತ ಹೇಳಿಬಿಡುತ್ತಿದ್ದೆವು. 2025ರಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಪಿಎಚ್‌.ಡಿ ಥೀಸಿಸ್ ಸಲ್ಲಿಸುವ ಮೊದಲು ಪೇಪರ್ ಇರಲೇಬೇಕು ಅನ್ನುವ ನಿಯಮ 2022ರಲ್ಲೇ ಹೋಗಿತ್ತು. ಈಗ ಜರ್ನಲ್ ಖರೆಯದಾ ಸುಳ್ಳಾ ಅಂತ ನಾವೇ ನೋಡಬೇಕು. ರಿವ್ಯೂ ವರದಿ ಕಣ್ಣೆದುರು ಇದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ, ಓದಿ ಬರೆದದ್ದಾ ಅಥವಾ ಗುಡ್ ವರ್ಕ್ ಅಂತ ಒಂದು ಸಾಲು ಗೀಚಿದ್ದಾ ಅಂತ.

ಇಲ್ಲಿ ಎಡಿಟರ್ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಎಲ್ಲರೂ ರಿವ್ಯೂವರ್ ಹೆಸರಿನ ಹಿಂದೆ ಬಿದ್ದು ಎಡಿಟರನ್ನು ಮರೆತುಬಿಡುತ್ತಾರೆ. ರಿವ್ಯೂವರ್ ಮುಖ ಮುಚ್ಚಿಕೊಂಡಿರುವಾಗ ಅವರು ನಿಜವಾಗಿ ಇದ್ದಾರಾ ಅಂತ ನೋಡಬೇಕಾದವರು ಎಡಿಟರ್. 2012ರಲ್ಲಿ ದಕ್ಷಿಣ ಕೊರಿಯಾದ ಒಬ್ಬ ಸಂಶೋಧಕ ಸಿಕ್ಕಿಬಿದ್ದ. ಜರ್ನಲ್‌ಗಳು ರಿವ್ಯೂವರ್ ಹೆಸರು ಸೂಚಿಸಿ ಅನ್ನುತ್ತವಲ್ಲ, ಅವನು ಸೂಚಿಸಿದ ಹೆಸರಿನ ಇಮೇಲ್‌ಗಳು ಅವನ ಕೈಗೇ ಬರುತ್ತಿದ್ದವು. ತನ್ನ ಪೇಪರನ್ನು ತಾನೇ ರಿವ್ಯೂ ಮಾಡಿದ. ಸಂಶಯ ಬಂದದ್ದು ಯಾಕೆ ಗೊತ್ತಾ? ವರದಿಗಳು ಒಂದು ದಿನದಲ್ಲೇ ಬರುತ್ತಿದ್ದವು! 2014ರಲ್ಲಿ ಜರ್ನಲ್ ಆಫ್ ವೈಬ್ರೇಷನ್ ಅಂಡ್ ಕಂಟ್ರೋಲ್ ಇಂಥದ್ದೇ ನಕಲಿ ರಿವ್ಯೂ ಜಾಲದಿಂದ 60 ಪೇಪರ್ ಹಿಂಪಡೆಯಿತು. 2017ರಲ್ಲಿ ಟ್ಯೂಮರ್ ಬಯಾಲಜಿ 107. ಈಗ ಎಐ ಬಂದಿದೆ. 2025ರ ಜುಲೈನಲ್ಲಿ, ರಿವ್ಯೂಗೆ ಮೊದಲೇ ಪೇಪರ್ ಹಾಕುವ ಆರ್‌ಕೈವ್ ಜಾಲತಾಣದ ಕೆಲವು ಪೇಪರ್‌ಗಳಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ, ಇದನ್ನು ಹೊಗಳಿ ಮಾತ್ರ ಬರೆ ಅಂತ ಎಐಗೆ ಸೂಚನೆ ಅಡಗಿಸಿಟ್ಟದ್ದು ಪತ್ತೆಯಾಯಿತು. ಓದದೆ ಎಐಗೆ ಕೊಡುವ ರಿವ್ಯೂವರ್, ಅದನ್ನು ಬಲ್ಲ ಲೇಖಕ. ಚಲೋ ಜೋಡಿ. ಹಾಗಾಗಿ ರಿವ್ಯೂವರ್ ಹೆಸರು ಮುಚ್ಚಿರಲಿ, ಆದರೆ ಈ ಪೇಪರ್ ನಾನು ಒಪ್ಪಿದೆ ಅಂತ ಎಡಿಟರ್ ಹೆಸರು ಪೇಪರ್ ಮೇಲೆ ಅಚ್ಚಾಗಿರಬೇಕು. ಎಷ್ಟೋ ಜರ್ನಲ್‌ಗಳು ಅದನ್ನು ಹಾಕುತ್ತವೆ. ನೀವು ಕಳಿಸುವ ಮೊದಲು ಅದನ್ನು ನೋಡಿ.

ಈಗ ನಿಮ್ಮ ಪೇಪರ್.

ಐದು ಪೇಪರ್ ಉಲ್ಲೇಖಿಸಿ ಅಂದರಲ್ಲ, ಅವನ್ನು ಮೊದಲು ಓದಿ. ಕೆಲಸಕ್ಕೆ ಬರುವುದು ಒಂದು ಇದ್ದರೆ ಒಂದನ್ನೇ ಹಾಕಿ. ಉಳಿದವು ಈ ಪೇಪರ್‌ಗೆ ಸಂಬಂಧವಿಲ್ಲ ಅಂತ ಕಾರಣ ಸಮೇತ ಬರೆಯಿರಿ. ಸೈಟೇಶನ್ (ಉಲ್ಲೇಖದ ಎಣಿಕೆ) ಹೆಚ್ಚಿಸಿಕೊಳ್ಳಲು ರಿವ್ಯೂವರ್ ಹೀಗೆ ಕೇಳಬಾರದು ಅಂತ, ಪ್ರಕಟಣೆಯ ನೈತಿಕತೆ ನೋಡಿಕೊಳ್ಳುವ ಕೋಪ್ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇದೆ. ಈ ಮಾರ್ಗಸೂಚಿಯ ಮಾತನ್ನು ರಿವ್ಯೂವರ್‌ಗಳೂ ಓದುವ ಉತ್ತರ ಪತ್ರದಲ್ಲಿ ಹಾಕಬೇಡಿ, ಎಡಿಟರ್‌ಗೆ ಬೇರೆಯಾಗಿ ಎರಡು ಸಾಲಿನ ಮೇಲ್ ಮಾಡಿ. ನಿಮ್ಮ ಗಮನಕ್ಕೆ ಅಂತ ಬರೆಯಿರಿ, ಆರೋಪ ಬೇಡ. ಐದೂ ಒಬ್ಬರದೇ ಅಂದ ಮಾತ್ರಕ್ಕೆ ರಿವ್ಯೂವರ್ ಅವರೇ ಅಂತ ತೀರ್ಮಾನಕ್ಕೂ ಬರಬೇಡಿ. ಅವರ ಶಿಷ್ಯರೂ ಇರಬಹುದು. ಚಿಂಚೋಳಿ ನೆನಪಿರಲಿ.

ಸಂಖ್ಯಾಶಾಸ್ತ್ರದ ಮಾತು ಬೇರೆ. ನಿಮಗೆ ಬೇಜಾರಾದರೂ ಹೇಳುತ್ತೇನೆ, ಮಾತು ಕೆಟ್ಟದ್ದಾದರೂ ವಿಷಯ ಸರಿಯಿರಬಹುದು. ನೆಟೆ ಕೆಲಸದಲ್ಲಿ ನಾನು ಪದೇ ಪದೇ ನೋಡುವ ತಪ್ಪು ಒಂದೇ. ಒಂದು ಪ್ಲಾಟ್‌ನಲ್ಲಿ 60 ಗಿಡ ಎಣಿಸಿರುತ್ತಾರೆ, ಅದನ್ನು 60 ರೆಪ್ಲಿಕೇಶನ್, ಅಂದರೆ ಪ್ರಯೋಗವನ್ನು 60 ಸಲ ಬೇರೆಬೇರೆಯಾಗಿ ಮಾಡಿದಂತೆ, ಅಂತ ಲೆಕ್ಕಕ್ಕೆ ಹಾಕಿರುತ್ತಾರೆ. ಅದು 60 ಅಲ್ಲ, ಒಂದು. ಒಂದೇ ಮಣ್ಣು, ಒಂದೇ ಶಿಲೀಂಧ್ರ, ಪಕ್ಕದ ಗಿಡ ಒಣಗಿದರೆ ಇದಕ್ಕೂ ಅಪಾಯ. ರೆಪ್ಲಿಕೇಶನ್ ಅಂದರೆ ಪ್ಲಾಟ್, ಗಿಡ ಅಲ್ಲ. ಎರಡನೆಯದು, ಒಣಗಿದ ಗಿಡದ ಶೇಕಡಾವಾರು ಲೆಕ್ಕವನ್ನು ಹಾಗೇ ಸರಾಸರಿಗಳನ್ನು ಹೋಲಿಸುವ ಅನೋವಾ (ANOVA) ಲೆಕ್ಕಕ್ಕೆ ಹಾಕುವುದು. ಒಣಗಿತು, ಒಣಗಲಿಲ್ಲ ಅನ್ನುವ ಎರಡೇ ಉತ್ತರದ ಎಣಿಕೆಗೆ ಬೈನಾಮಿಯಲ್ ಅನ್ನುವ ಸಂಖ್ಯಾಶಾಸ್ತ್ರದ ಮಾದರಿ ಇದೆ, ಅದನ್ನು ಬಳಸಿ. ಮೂರನೆಯದು, ನೆಟೆ ತಡೆಯುವ ಮಾರುತಿ ಅಥವಾ ಟಿಎಸ್-3ಆರ್ ಅಂಥ ತಳಿಯನ್ನೂ, ಸುಲಭವಾಗಿ ರೋಗಕ್ಕೆ ಬೀಳುವ ಒಂದು ತಳಿಯನ್ನೂ ಪಕ್ಕಪಕ್ಕ ಹೋಲಿಕೆಗೆ ಹಾಕಿದ್ದೀರಾ? ರೋಗಕ್ಕೆ ಬೀಳುವ ತಳಿ ಒಣಗದೇ ಇದ್ದ ವರ್ಷ ನಿಮ್ಮ ಉಳಿದ ಅಂಕಿಗೆ ಅರ್ಥವಿಲ್ಲ, ಆ ಪ್ಲಾಟ್‌ನಲ್ಲಿ ರೋಗವೇ ಇರಲಿಲ್ಲ ಅಂತ ಅಷ್ಟೇ. ಈ ಮೂರರಲ್ಲಿ ಒಂದು ನಿಮ್ಮ ಪೇಪರ್‌ನಲ್ಲಿ ಇದ್ದರೆ ಎರಡನೆಯವರಿಗೆ ಧನ್ಯವಾದ ಹೇಳಿ, ಹಲ್ಲು ಕಚ್ಚಿಕೊಂಡಾದರೂ.

ಉತ್ತರ ಪತ್ರದಲ್ಲಿ ಅವರ ಪ್ರತಿ ಆಕ್ಷೇಪವನ್ನೂ ಹಾಗೇ ಇಳಿಸಿ, ಕೆಳಗೆ ನೀವು ಏನು ಬದಲಿಸಿದಿರಿ, ಯಾವ ಪುಟ, ಯಾವ ಸಾಲು ಅಂತ ಬರೆಯಿರಿ. ಗಂಧದ ಸಾಲನ್ನು ಮಾತ್ರ ಇಳಿಸಬೇಡಿ, ಅದಕ್ಕೆ ಉತ್ತರವೇ ಬೇಡ.

ಮುಂದಿನ ಸಲ ಡಬಲ್ ಬ್ಲೈಂಡ್ ಇರುವ ಕಡೆ ಕಳಿಸಿದರೆ, ಮೊದಲ ಪುಟದಲ್ಲಿ ಹೆಸರು ಅಳಿಸಿದರೆ ಸಾಲದು. ವರ್ಡ್ ಫೈಲ್‌ನ ಪ್ರಾಪರ್ಟೀಸ್ ತೆರೆದರೆ ಲೇಖಕರು ಅನ್ನುವ ಜಾಗದಲ್ಲಿ ನಿಮ್ಮ ಹೆಸರು ಕೂತಿರುತ್ತದೆ. ಧನ್ಯವಾದದ ಭಾಗದಲ್ಲಿ ಪ್ರಿನ್ಸಿಪಾಲರ ಹೆಸರು ಇರುತ್ತದೆ. ನಮ್ಮ ಹಿಂದಿನ ಕೆಲಸದಲ್ಲಿ ನಾವು ತೋರಿಸಿದಂತೆ ಅನ್ನುವ ಸಾಲೊಂದು ಎಲ್ಲೋ ಉಳಿದಿರುತ್ತದೆ. ನಾನು ಎಡಿಟರ್ ಆಗಿದ್ದಾಗ ಒಬ್ಬ ರಿವ್ಯೂವರ್ ಕೂಡ ಹೀಗೇ ಸಿಕ್ಕಿಬಿದ್ದಿದ್ದರು, ಬೈದು ಬರೆದ ಕಾಮೆಂಟ್ ಪೆಟ್ಟಿಗೆಯ ಮೇಲೆ ಅವರ ಪೂರ್ತಿ ಹೆಸರು, ಡಾಕ್ಟರ್ ಸಮೇತ. ಲೇಖಕರಿಗೆ ಹೋಗುವ ಮೊದಲು ನಾನೇ ಅಳಿಸಿದೆ. ರಿವಿಷನ್‌ಗೆ ಕೊಟ್ಟ ದಿನ ಕಡಿಮೆ ಅನಿಸಿದರೆ ಎಡಿಟರ್‌ಗೆ ಮೂರು ವಾರ ಹೆಚ್ಚು ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ. ಪ್ಲಾಟ್ ಲೆಕ್ಕದ ಟೇಬಲ್ ಮಾತ್ರ ನನಗೆ ಕಳಿಸಿ, ನೋಡುತ್ತೇನೆ.